ಸೂಜಿಯ ಕೆಳಗಿನ ಮೂಗುತಿ

ಹೊಳೆಯ ಆಚೆ ದಂಡೆಯಲ್ಲಿ, ಬಸ್ಸಿನ ಸದ್ದೂ ತಲುಪದ ಒಂದು ದೊಡ್ಡ ಬಂಡೆಯ ಮೇಲೆ, ಜಂಬಯ್ಯ ಮೇಷ್ಟ್ರು ಕಲ್ಲಿನ ಮನೆ ಕಟ್ಟಿಕೊಂಡಿದ್ದರು.

ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಭಕ್ತಿಯಿಂದ ಅಲ್ಲ. ಒಳಗಿದ್ದ ಯಂತ್ರ ಅಂಥದ್ದು. ಒಬ್ಬರು ಕೆಮ್ಮಿದರೂ ಅದರ ಸೂಜಿ ನಡುಗುತ್ತಿತ್ತು.

ಆ ಸೂಜಿ ಮುಟ್ಟದೆ, ಮುಟ್ಟುವಷ್ಟು ಹತ್ತಿರ ಹೋಗಿ, ಒಂದೊಂದೇ ಪರಮಾಣುವಿನ ಉಬ್ಬುತಗ್ಗು ಅಳೆಯುತ್ತಿತ್ತು. ಅಳೆದದ್ದು ಪರದೆಯ ಮೇಲೆ ಚಿತ್ರವಾಗಿ ಮೂಡುತ್ತಿತ್ತು. ಇನ್ನೂ ಸ್ವಲ್ಪ ಹತ್ತಿರ ಒಯ್ದರೆ ಒಂಟಿ ಕಣವನ್ನು ಕುರಿ ಹೊಡೆದ ಹಾಗೆ ಬೇಕಾದ ಕಡೆ ಹೊಡೆದುಕೊಂಡು ಹೋಗಬಹುದಿತ್ತು. ಮುಂದೊಂದು ಕಾಲಕ್ಕೆ ಇರುವೆಯ ಕಣ್ಣಿಗಿಂತ ಸಣ್ಣ ಯಂತ್ರಗಳು ಬರುತ್ತವೆ, ಅವನ್ನು ಹೀಗೆ ಕಣ ಕಣ ಜೋಡಿಸಿಯೇ ಕಟ್ಟಬೇಕು ಅಂತ ಮೇಷ್ಟ್ರು ಕಲಿಸುತ್ತಿದ್ದರು.

ನಾಗಲಿಂಗಾಚಾರಿ ಅವರ ಶಿಷ್ಯ. ಕಸುಬಿನಿಂದ ಅಕ್ಕಸಾಲಿಗ. ಮೊದಲ ದಿನ ಬಂದಾಗ ಮೇಷ್ಟ್ರು ಕೇಳಿದ್ದರು.

"ಎಷ್ಟು ಓದಿದ್ದೀ?"

"ನಾಲ್ಕನೇ ಇಯತ್ತೆ. ಅದೂ ಪೂರ್ತಿ ಅಲ್ಲ."

"ಉಸಿರು ಎಷ್ಟು ಹೊತ್ತು ಬಿಗಿಹಿಡಿದು ಕೂರ್ತೀ?"

"ಓಲೆಗೆ ಹರಳು ಕೂರಿಸೋವಷ್ಟು ಹೊತ್ತು."

"ಸಾಕು."

ತಂತಿ ತೀಡಿ ಸೂಜಿಯ ಮೊನೆ ತರುವುದು ಅವನ ಪಾಲಿಗೆ ಬಂತು. ಮೊನೆಯ ತುದಿಯಲ್ಲಿ ಒಂದೇ ಒಂದು ಕಣ ನಿಲ್ಲಬೇಕು. ಓದಿದವರು ಯಾರಿಗೂ ಒಲಿಯದ ಕೆಲಸ ಅವನ ಕೈಗೆ ಒಲಿಯಿತು.

ಅಷ್ಟರಲ್ಲಿ ಅವನ ಹೆಂಡತಿ ಕಾಳಮ್ಮ ತೀರಿಕೊಂಡಳು. ಮೂರು ದಿನದ ಜ್ವರ.

ತಿಂಗಳು ಕಳೆದು ಅವನು ಮತ್ತೆ ಬಂಡೆ ಹತ್ತಿದ. ತೀಡಿದ ಮೊನೆಗಳೆಲ್ಲ ಮೊಂಡಾದವು. ಮೇಷ್ಟ್ರು ಮೊಂಡಾದದ್ದನ್ನು ಎತ್ತಿಟ್ಟು ಹೊಸ ತಂತಿ ಕೊಡುತ್ತಿದ್ದರು.

ಏಳನೇ ತಂತಿಗೆ ಆಚಾರಿ ಕೈಚೆಲ್ಲಿದ. ಸೊಂಟದ ಗಂಟು ಬಿಚ್ಚಿದ. ಒಳಗೊಂದು ಮೂಗುತಿ.

"ಇಪ್ಪತ್ತೆರಡು ವರ್ಷ ಅವಳ ಮೂಗಲ್ಲಿತ್ತು ಮೇಷ್ಟ್ರೇ. ನಾನೇ ಮಾಡಿದ್ದು. ತೆಗೆದಾಗಿಂದ ನೀರು ಸೋಕಿಸಿಲ್ಲ."

"ಹೂಂ."

"ಅವಳ ಬೆವರು ಇದರಾಗೆ ಇರ್ತದೆ. ಎಲ್ಲೋ ಮೂಲೇಲಿ ಒಂದು ಕಣ. ನೀವು ಒಂಟಿ ಕಣ ತೋರಿಸೋರು. ಅವಳದೊಂದು ತೋರಿಸ್ರಿ. ಒಂದೇ ಸಾಕು."

"ಅವಳದು ಅಂತ ಹ್ಯಾಗೆ ಗುರುತು ಹಿಡೀತೀ?"

"ಓಣಿ ತುದೀಲಿ ಅವಳ ಹೆಜ್ಜೆ ಸದ್ದಿಗೇ ಗುರುತು ಹಿಡೀತಿದ್ದೆ."

"ಕಣಕ್ಕೆ ಹೆಜ್ಜೆ ಇಲ್ಲ ಆಚಾರಿ. ಅವಳ ಬೆವರಿನ ಉಪ್ಪಿನ ಕಣ, ನಿನ್ನ ಬೆವರಿನದು, ಉಪ್ಪಿನಕಾಯಿ ಜಾಡಿಯದು, ಮೂರೂ ಪಕ್ಕ ಪಕ್ಕ ಇಟ್ಟರೆ ಒಂದೇ. ಯಾವುದು ಯಾರದು ಅಂತ ಲೋಕದಲ್ಲಿ ಯಾರಿಗೂ ಹೇಳೋಕಾಗಲ್ಲ."

ಆಚಾರಿಗೆ ಸಿಟ್ಟು ಬಂತು.

"ಹಂಗಾದ್ರೆ ನೀವೂ ಹನ್ನೊಂದನೇ ದಿನ ಉಣ್ಣಾಕೆ ಬಂದೋರ ಥರಾನೇ. ಗಾಳೀಲಿ ಅದಾಳೆ, ನೀರಲ್ಲಿ ಅದಾಳೆ, ಎಲ್ಲಾ ಕಡೆ ಅದಾಳೆ. ಹೋಳಿಗೆ ಉಂಡು ಹೇಳಿ ಹೋದ್ರು."

"ನಾನು ಹಾಗೆ ಹೇಳಲಿಲ್ಲ."

"ಮತ್ತೇನು ಹೇಳಿದ್ರಿ?"

"ಇಲ್ಲ ಅಂದೆ."

ಆಚಾರಿ ಮೂಗುತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ.

"ಆದ್ರೂ ನೋಡಬೇಕು," ಅಂದ.

"ನೋಡು. ಯಂತ್ರ ಅಲ್ಲೇ ಇದೆ."

ಅವತ್ತು ಅವನು ಎಂಟನೇ ತಂತಿ ಹಿಡಿದ. ಒಂದೇ ಸಲಕ್ಕೆ ಮೊನೆ ಬಂತು. ಮೂಗುತಿಯ ಹರಳು ಬಿಡಿಸಿದ. ಹಿಂದಿನ ಚಪ್ಪಟೆ ಬಿಲ್ಲೆ ಉಳಿಯಿತು. ಅವಳ ಮೈಗೆ ತಾಗುತ್ತಿದ್ದದ್ದು ಅದೇ. ಚಿಮುಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಫಳಫಳ ಹೊಳೆಯಿತು.

ಆಗ ಅವನಿಗೆ ಅರಿವಾಯಿತು.

ಎದುರಿಗೆ ಅಂಟುವಾಳದ ನೀರಿನ ಬಟ್ಟಲು. ಬಟ್ಟಲ ತುಂಬ ನೊರೆ. ಇನ್ನೊಂದು ಕೈಯಲ್ಲಿ ಬ್ರಷ್ಷು.

ಮೂವತ್ತು ವರ್ಷ ಕಸುಬು ಮಾಡಿದ ಕೈ. ಹಳೇ ಒಡವೆ ಅಂಗೈಗೆ ಬಂದರೆ ಮೊದಲು ಅಂಟುವಾಳದ ನೀರಿಗೆ ಹಾಕಿ ಉಜ್ಜುವುದು. ಆ ಬಟ್ಟಲನ್ನು ಅಂಗಡಿಯಿಂದ ಇಲ್ಲಿಗೂ ತಂದಿಟ್ಟುಕೊಂಡಿದ್ದ. ಕೈ ತನ್ನ ಪಾಡಿಗೆ ತಾನು ಉಜ್ಜಿಬಿಟ್ಟಿತ್ತು.

ಅವನ ಗಂಟಲಿಂದ ಒಂದು ಸದ್ದು ಹೊರಟಿತು. ಒಳಗೆ ಸೂಜಿ ನಡುಗಿತು.

ಮೇಷ್ಟ್ರು ಬಂದರು. ಬಟ್ಟಲು ನೋಡಿದರು.

"ನಾನೇ ತೊಳೆದೆ ಮೇಷ್ಟ್ರೇ. ಇದೇ ಕೈಯಿಂದ."

"ನೀನು ತೊಳೆಯದಿದ್ದರೂ ಹೋಗ್ತಿತ್ತು. ಯಂತ್ರದ ಒಳಗಿಟ್ಟು ಗಾಳಿ ತೆಗೆದು ಕಾಯಿಸಬೇಕು. ಅಂಟಿದ್ದೆಲ್ಲ ಹಾರಿ ಹೋದ ಮೇಲೇ ಚಿನ್ನದ ಕಣ ಕಾಣೋದು. ನಿನಗೆ ಗೊತ್ತಿತ್ತಲ್ಲ."

"ಗೊತ್ತಿತ್ತು. ಕಾಯಿಸದೆ ನೋಡೋಣ ಅಂತಿದ್ದೆ."

"ಬರೀ ಮಬ್ಬು ಕಾಣ್ತಿತ್ತು."

"ಮಬ್ಬೇ ಸಾಕಿತ್ತು."

ಮೇಷ್ಟ್ರು ಅವನ ಕೈಯಿಂದ ಚಿಮುಟ ತಗೊಂಡರು. ಬಿಲ್ಲೆಯನ್ನು ಒಳಗಿಟ್ಟರು. ಗಾಳಿ ತೆಗೆದರು, ಕಾಯಿಸಿದರು, ಆಮೇಲೆ ಮಂಜುಗಡ್ಡೆಗಿಂತ ತಣ್ಣಗೆ ಮಾಡಿದರು. ಎರಡು ದಿನ ಹಿಡಿಯಿತು. ಎರಡು ದಿನವೂ ಆಚಾರಿ ಗೋಡೆಗೆ ಒರಗಿ ಕೂತಿದ್ದ. ತಟ್ಟೆ ಮುಂದಿಟ್ಟರೆ ಉಂಡ. ಇಡದಿದ್ದರೆ ಇಲ್ಲ.

"ಬಾ. ನೋಡು."

ಪರದೆಯ ಮೇಲೆ ಚಿನ್ನ ಸಾಲುಸಾಲಾಗಿ ಮೂಡಿತ್ತು, ಸಜ್ಜೆ ತೆನೆಯ ಕಾಳಿನ ಹಾಗೆ, ಒತ್ತಾಗಿ. ಹೊಳಪಿಲ್ಲ. ಬೂದಿ ಬಣ್ಣ.

"ನಡುನಡುವೆ ತಗ್ಗಾಗಿ ಕಾಣ್ತಾವಲ್ಲ, ಅವು?"

"ನೀನು ಬೆರೆಸಿದ ತಾಮ್ರ."

ಆಚಾರಿ ತಲೆ ತಗ್ಗಿಸಿದ. "ಅವಳಿಗೆ ಅಪ್ಪಟ ಚಿನ್ನ ಅಂತ ಹೇಳಿದ್ದೆ."

"ನಂಬಿದ್ಲಾ?"

"ಅಕ್ಕಸಾಲಿಗರ ಮನೇಲೇ ಹುಟ್ಟಿದೋಳು. ಎಲ್ಲಿ ನಂಬ್ತಾಳೆ. ಆದ್ರೂ ಓಣಿಗೆಲ್ಲ ಅಪ್ಪಟ ಅಂತ ಮೂಗು ತಿರುಗಿಸಿ ತಿರುಗಿಸಿ ತೋರಿಸ್ಕೊಂಡು ಬಂದ್ಲು."

ಅವನಿಗೆ ನಗು ಬಂತು. ಅರ್ಧಕ್ಕೆ ನಿಂತಿತು.

ಸಾಲಿನ ನಡುವೆ ಒಂದು ಕಡೆ ಕಪ್ಪಗೆ ಕಂಡಿತು. ಒಂದು ಕಾಳು ಉದುರಿದ ಹಾಗೆ.

"ಅದೇನು?"

"ಅಲ್ಲಿ ಒಂದು ಇಲ್ಲ."

"ಸವೆದು ಹೋಗೈತಾ? ಅವಳ ಮೈಗೆ ಹತ್ತಿ, ಅವಳ ಜೋಡಿ ಮಣ್ಣಿಗೆ ಹೋಯ್ತಾ?"

"ಹೋಗಿರಬಹುದು. ನಾನು ಕಾಯಿಸುವಾಗಲೂ ಹೋಗಿರಬಹುದು. ನನಗೆ ಗೊತ್ತಿಲ್ಲ."

ಆಚಾರಿ ಆ ಕಪ್ಪನ್ನೇ ನೋಡಿದ. ಅಷ್ಟು ಸಾಲಿನಲ್ಲಿ ಅವನ ಕಣ್ಣಿಗೆ ಬೇರೆ ಏನೂ ಬೀಳಲಿಲ್ಲ.

"ಮುಚ್ಚಿಬಿಡ್ತೀನಿ ಮೇಷ್ಟ್ರೇ. ಪಕ್ಕದ ಸಾಲಿಂದ ಒಂದನ್ನ ತಳ್ಳಿ ತಂದು ಕೂರಿಸ್ತೀನಿ. ಅದು ನನ್ನ ಕೈಲಿ ಆಗ್ತದೆ. ಹಿಂಗೇ ಬಿಟ್ಟು ನೋಡೋದು ನನ್ನ ಕೈಲಿ ಆಗಲ್ಲ."

ಮೇಷ್ಟ್ರು ಎದ್ದು ತಮ್ಮ ಕುರ್ಚಿ ಅವನಿಗೆ ಬಿಟ್ಟುಕೊಟ್ಟರು. ಸೂಜಿಯ ತಿರುಪನ್ನು ಅವನ ಬೆರಳಿಗೆ ಹಿಡಿಸಿದರು.

"ಮುಚ್ಚು. ಆ ಕಣ ತೆಗೆದ ಕಡೆ ಇಷ್ಟೇ ದೊಡ್ಡ ಗುಂಡಿ ಬೀಳ್ತದೆ. ಅದು ಎಲ್ಲಿರಲಿ ಅಂತ ಮೊದಲು ನೀನೇ ಹೇಳು."