ಜೀಪಿನ ಮುಂದೆ ಕೂತ ಅಜ್ಜಾರು

ಹೊಳೆಯ ಮಂಜು ಮಠದ ಅಂಗಳಕ್ಕೂ ಹಬ್ಬಿತ್ತು. ಅದರೊಳಗೆ ಮಠದ ಹಳೆಯ ಜೀಪು ತೇಲುವ ದೋಣಿಯಂತೆ ಕಾಣುತ್ತಿತ್ತು.

ಶಿಷ್ಯ ಮೃತ್ಯುಂಜಯ ಬ್ರೇಕ್ ಒತ್ತಿದ. ಕಾಲು ಹತ್ತಿಯೊಳಗೆ ಇಳಿದಂತೆ ಇಳಿಯಿತು. ಬಿಸಿಲೇರುವುದರೊಳಗೆ ಅಡುಗೆಯ ನೀಲವ್ವನ ತುಂಬು ಬಸುರಿ ಸೊಸೆಯನ್ನು ಘಾಟಿ ಇಳಿಸಿ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು.

“ಅಜ್ಜಾರ, ಬ್ರೇಕ್ ಆಯಿಲ್ ಕಡಿಮಿ ಆದಾಗೆಲ್ಲ ಹೊಸಾದು ಹಾಕ್ಕೊಂತ ಬಂದೇನ್ರಿ,” ಎಂದ ಗುರುಗಳಿಗೆ.

“ಹಳೇದನ್ನ?”

“ಅದರ ಮ್ಯಾಲೇ ಹಾಕೇನ್ರಿ.”

“ನಿನ್ನಿ ಸಾರಿನಾಗ ಇವತ್ತಿನ ಸಾರು ಬೆರಸಿ ನನಗ ಬಡಿಸ್ತಿ ಏನೋ?”

ಅಜ್ಜಾರು ಧೋತರ ಮೇಲೆತ್ತಿ ಕಟ್ಟಿ, ಜೀಪು ಹತ್ತಿ ಕೂತರು. “ನಾ ಒತ್ತತೀನಿ. ನೀ ಕೆಳಗ ಹೋಗು. ಇವತ್ತು ನೀ ಹೇಳು, ನಾ ಕೇಳತೀನಿ.”

ಕೆಲಸ ಹೀಗೆ: ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹಿಂದಿನ ಪುಟ್ಟ ತಿರುಪು ಸಡಿಲಿಸಿ ಹಳೆಯ ಎಣ್ಣೆ ಹೊರಬಿಡಬೇಕು. ತಿರುಪು ಬಿಗಿದ ಮೇಲಷ್ಟೇ ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ಒಳಗೆ ಸೇರುತ್ತದೆ. ಗಾಳಿ ಸೇರಿದರೆ ಬ್ರೇಕ್ ಮತ್ತೆ ಮೆತ್ತಗಾಗುತ್ತದೆ.

“ಒತ್ರಿ.”

“ಒತ್ತೇನಿ.”

“ಬಿಡ್ರಿ.”

“ಬಿಟ್ಟೆ.”

ತಿರುಪಿಗೆ ಸಿಕ್ಕಿಸಿದ ಕೊಳವೆಯಿಂದ ಶೀಸೆಗೆ ಕಷಾಯದಂಥ ಎಣ್ಣೆ ಇಳಿಯಿತು; ಮೇಲಿನಿಂದ ಮೃತ್ಯುಂಜಯ ಹೊಸದು ತುಂಬುತ್ತ ಹೋದ. ಆಮೇಲೆ ಗುಳ್ಳೆಗಳು. ಆಮೇಲೆ, ನಿದ್ದೆಯೊಳಗೇ ಬೆಳಗಾದಂತೆ, ತಿಳಿಜೇನಿನ ಬಣ್ಣ.

ಕೊನೆಯ ಗಾಲಿಗೆ ಬಂದಾಗ ಅಡುಗೆಮನೆಯಿಂದ ನರಳುವ ದನಿ ಕೇಳಿತು. ಮೃತ್ಯುಂಜಯ ತಿರುಪನ್ನು ಅವಸರದಲ್ಲಿ ತಿರುಗಿಸಿ ಎದ್ದ.

“ಬಿಡ್ರಿ ಬಿಡ್ರಿ, ಮುಗೀತು!”

“ತಿರುಪು ಬಿಗದಿ?”

“ಬಿಗದೇನ್ರಿ.”

“ನಾಕೂ?”

“ನಾಕೂರೀ! ಇಳೀರಿ, ಹೊತ್ತಾತು.”

ಅಜ್ಜಾರು ಇಳಿದರು. ಜಗಲಿಯ ಚಾಪೆ ತೆಗೆದುಕೊಂಡು ಅಂಗಳದ ಇಳಿಜಾರಿನ ತುದಿಗೆ ಹೋಗಿ, ಜೀಪಿಗೆ ಎದುರಾಗಿ ದಾರಿಯ ನಡುವೆ ಹಾಸಿ ಕೂತರು. ಮಂಜಿನಲ್ಲಿ ಅವರ ಬಿಳಿ ತಲೆಯಷ್ಟೇ ಕಾಣುತ್ತಿತ್ತು.

“ಬಾ,” ಎಂದರು.

“ಅಜ್ಜಾರ, ಏಳ್ರಿ!”

“ನಾಕೂ ಬಿಗದೇನಿ ಅಂದೆಲ್ಲ. ಬಾ.”

ಮೃತ್ಯುಂಜಯ ಜೀಪು ಹತ್ತಿ ಕೀಲಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಕೆಳಗಿಳಿದು, ತಿರುಪು ಬಿಗಿಯುವ ಪಾನಾ ಹಿಡಿದು, ಒಂದೊಂದೇ ಗಾಲಿಯ ಹತ್ತಿರ ಮೊಣಕಾಲೂರಿದ.

ಕೊನೆಯ ತಿರುಪಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

“ಅಜ್ಜಾರ, ಇದು ಬಿಗಿ ಆಗಿಲ್ರಿ. ಇನ್ನೊಂದು ಸಲ ಒತ್ತಬೇಕ್ರಿ,” ಎಂದ, ನೆಲ ನೋಡುತ್ತ.

ಚಾಪೆ ಸುತ್ತಿಕೊಂಡು ಅಜ್ಜಾರು ಬಂದರು. ಗುಳ್ಳೆ ನಿಲ್ಲುವವರೆಗೂ ಒತ್ತಿದರು, ಬಿಟ್ಟರು. ಈಗ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿತ್ತು. ನೀಲವ್ವ ಸೊಸೆಯನ್ನು ಹಿಡಿದು ಜೀಪಿನೊಳಗೆ ಕೂರಿಸಿದಳು.

“ನಾ ಹಂಗೇ ಗಾಡಿ ಬಿಟ್ಟಿದ್ರ ಏನ್ ಮಾಡ್ತಿದ್ರಿ, ಅಜ್ಜಾರ?”

“ನೀ ಇಳಿಯೂದನ್ನ ಕಾಯ್ಕೋತ ಕೂತಿದ್ದೆ.”