ಯಾವ ಕುಲುಮೆಯ ಕತ್ತಿ

ಗೊಂಬೆ ಮಾಡುವ ನೀಲವ್ವ ಹೆಬ್ಬೆರಳುದ್ದದ ಇಬ್ಬರು ಮರದ ಸಿಪಾಯಿಗಳ ಕತ್ತಿಗಳಿಗೆ ಬೆಳ್ಳಿಬಣ್ಣ ಬಳಿದಳು. ಒಂದರ ಮೇಲೆ ಮಾತ್ರ ಕಪ್ಪು ಬಣ್ಣದ ನೀರು ಸವರಿ, ಬಟ್ಟೆಯಿಂದ ಒರೆಸಿ ಮಂಕಾಗಿಸಿದಳು.

"ಪಾಪ, ನಿನ್ನ ಮೋರೆಗೆ ಮಸಿ ಬಳಿದಳಲ್ಲ," ಎಂದು ಹೊಳೆಯುವ ಕತ್ತಿ ನಕ್ಕಿತು. ಮಂಕು ಕತ್ತಿ ನಾಚಿಕೊಂಡಿತು.

ಗೋಡೆಗೆ ತೂಗುಹಾಕಿದ್ದ ಹಳೆಯ ಕುಡುಗೋಲು ಮಂಕು ಕತ್ತಿಯನ್ನೇ ನೋಡುತ್ತ ಕೇಳಿತು: "ತಮ್ಮಾ, ನಿನ್ನನ್ನು ಬಡಿದದ್ದು ಯಾವ ಊರಿನ ಕುಲುಮೆಯಲ್ಲಿ?"

"ಅಜ್ಜಾ, ನಾನು ಮರದವನು."

"ಹೌದೇ? ನಾನು ನಮ್ಮ ಕಬ್ಬಿಣದವನೇ ಎಂದುಕೊಂಡೆ," ಎಂದು ಕುಡುಗೋಲು ಗಹಗಹಿಸಿ ನಕ್ಕಿತು. ಮಂಕು ಕತ್ತಿಗೆ ಹಿಗ್ಗು ತಡೆಯಲಾಗಲಿಲ್ಲ.

"ನನ್ನನ್ನು ಕೇಳಲೇ ಇಲ್ಲವಲ್ಲ," ಎಂದಿತು ಹೊಳೆಯುವ ಕತ್ತಿ.

"ಕೇಳುವುದೇನಿದೆಯಪ್ಪಾ? ನೀನು ಯಾವ ಬಣ್ಣದ ಡಬ್ಬಿಯಿಂದ ಬಂದವನೆಂದು ಇಲ್ಲಿಗೇ ಕಾಣುತ್ತದೆ."