ಅಡಿವೆವ್ವನ ಕೊಸರು

ಮಠದಲ್ಲಿ ಒಂದು ಗುರುವಾರ ಗಂಭೀರ ಪರಿಸ್ಥಿತಿ ತಲೆದೋರಿತು. ಗೋದಿ ಹುಗ್ಗಿ ಮಿಕ್ಕಿತು. ಹಿಂದೆಂದೂ ಹೀಗಾದದ್ದನ್ನು ಕಂಡವರಿರಲಿಲ್ಲ. ಅಡುಗೆಯವರು ಕೊಪ್ಪರಿಗೆಯ ಸುತ್ತ ತಲೆ ತಗ್ಗಿಸಿ ನಿಂತರು. ಬಡಿಸುವ ಹೊಣೆ ಹೊತ್ತು ಹದಿನೈದು ದಿನವಷ್ಟೇ ಆಗಿದ್ದ ಶಿಷ್ಯ ಕೈ ತೊಳೆದುಕೊಂಡು ಗುರುಗಳ ಬಳಿಗೆ ಹೋದ.

"ಗುರುಗಳೇ, ಎಲ್ಲರಿಗೂ ಸಮನಾಗಿ ಬಡಿಸಿದೆ. ಹಿಂದಿನವರು ಬಡಿಸುತ್ತಿದ್ದದ್ದಕ್ಕಿಂತ ಒಂದು ಸೌಟು ಹೆಚ್ಚೇ ಬಡಿಸಿದೆ. ಯಾರೂ ಮತ್ತೆ ಹಾಕಿಸಿಕೊಳ್ಳಲಿಲ್ಲ. ಉಂಡು ಎದ್ದವರು ಹಿಂದಿನವರನ್ನೇ ನೆನೆಯುತ್ತ ಹೋದರು. ನಾನು ಕೊಟ್ಟದ್ದರಲ್ಲಿ ಏನು ಕೊರತೆ?"

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಅಡಿವೆವ್ವ ಎಂಬವಳು ಎಣ್ಣೆಯ ವ್ಯಾಪಾರ ನಡೆಸುತ್ತಿದ್ದಳು. ಗಂಡ ತೀರಿಕೊಂಡಾಗ ಮನೆಯಲ್ಲಿದ್ದದ್ದು ಒಂದು ಗಾಣ, ಎರಡು ಎತ್ತು, ಮೂರು ಗಂಡುಮಕ್ಕಳು. ನಲವತ್ತು ವರ್ಷದಲ್ಲಿ ಗಾಣ ಆರಾದವು, ಎತ್ತು ಹನ್ನೆರಡಾದವು. ಮಕ್ಕಳು ಮಾತ್ರ ಮೂವರೇ ಉಳಿದರು.

ಅವಳಿಗೆ ಹೆಸರು ಬಂದದ್ದು ಕೊಸರಿನಿಂದ. ಅಳೆದು ಕೊಟ್ಟ ಮೇಲೆ ಗಿರಾಕಿಯ ಪಾತ್ರೆಗೆ ಇನ್ನಿಷ್ಟು ಹಾಕುವುದು ಎಲ್ಲ ಅಂಗಡಿಯವರ ರೂಢಿ. ಅಡಿವೆವ್ವ ಹಾಗೆ ಹಾಕುವ ಮೊದಲು ಮನೆಯ ಸುದ್ದಿ ಕೇಳುತ್ತಿದ್ದಳು. ಕೇಳಿ, ಮಿಳ್ಳೆ ಎಂಬ ಪುಟ್ಟ ಸೌಟನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಬಾಣಂತಿಯಿದ್ದ ಮನೆಗೆ ನಾಲ್ಕು ಮಿಳ್ಳೆ ಹೋಗುತ್ತಿತ್ತು. ಬೀಗರು ಬಂದ ಮನೆಗೆ ಎರಡು. ವಿಶೇಷವೇನೂ ಇಲ್ಲ ಎಂದವರಿಗೆ ಒಂದು. ಗಾಣದ ಹತ್ತಿರ ನಿಂತು ಹಸಿದ ಮುಖ ಮಾಡಿದವರಿಗೆ ಎಣ್ಣೆಯ ಜೊತೆಗೆ ರೊಟ್ಟಿಯೂ ಸಿಗುತ್ತಿತ್ತು.

ಹಿರಿಯ ಮಗ ಈರಬಸಪ್ಪ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ. ಒಂದೇ ಸೇರು ಕೊಂಡ ಇಬ್ಬರಿಗೆ ಎರಡು ಬಗೆಯ ಕೊಸರು ಬೀಳುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಅವ್ವನಿಗೆ ಮನಸ್ಸು ದೊಡ್ಡದು, ಆದರೆ ಒಂದು ವ್ಯವಸ್ಥೆಯಿಲ್ಲ ಎಂದುಕೊಳ್ಳುತ್ತಿದ್ದ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳಿಗೆ ಎದುರು ಹೇಳುವ ಧೈರ್ಯ ಆ ಮನೆಯಲ್ಲಿ ಎತ್ತುಗಳಿಗೂ ಇರಲಿಲ್ಲ.

ಸಾಯುವ ಮುನ್ನ ಅಡಿವೆವ್ವ ಹಿರಿಯ ಮಗನ ಕೈ ಹಿಡಿದು, "ಕೊಸರು ಬಿಡಬ್ಯಾಡೋ" ಎಂದಳು. ಈರಬಸಪ್ಪ ಮಾತು ಕೊಟ್ಟ. ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮೊದಲ ದಿನ ಮಿಳ್ಳೆ ಹಿಡಿದು ಲೆಕ್ಕ ಹಾಕತೊಡಗಿದ. ಎಷ್ಟು ಹಾಕಿದರೆ ಅವ್ವನಷ್ಟಾಗುತ್ತದೆ? ಒಂದು ಹನಿ ಕಡಿಮೆಯಾದರೂ, ಅಡಿವೆವ್ವನ ಜೊತೆ ಕೊಸರೂ ಹೋಯಿತು ಎನ್ನುತ್ತಾರೆ. ಒಂದು ವಾರ ಅವನಿಗೆ ಊಟ ಸೇರಲಿಲ್ಲ. ಎಂಟನೆಯ ದಿನ ಪರಿಹಾರ ಹೊಳೆಯಿತು. ಕಂಚುಗಾರನಿಗೆ ಹೇಳಿ ಹೊಸ ಅಳತೆಯ ಪಾತ್ರೆ ಮಾಡಿಸಿದ. ಅದು ಒಂದು ಸೇರು ಮತ್ತು ಎರಡು ಮಿಳ್ಳೆ ಹಿಡಿಯುತ್ತಿತ್ತು, ಬೆಲೆ ಒಂದು ಸೇರಿನದೇ. ಕೊಸರು ಅಳತೆಯೊಳಗೇ ಸೇರಿಹೋಯಿತು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ, ಮರೆಯುವ ಪ್ರಶ್ನೆಯೂ ಇಲ್ಲ. ಪಾತ್ರೆಯ ಮೇಲೆ ತಾಯಿಯ ಹೆಸರು ಕೆತ್ತಿಸಿ, ಪೂಜೆ ಮಾಡಿ, ಕಾಯಿ ಒಡೆದ.

ಮೊದಲ ಗಿರಾಕಿ ಎಣ್ಣೆ ಹಾಕಿಸಿಕೊಂಡ ಮೇಲೂ ಪಾತ್ರೆ ಚಾಚಿಯೇ ನಿಂತ.

"ಕೊಸರು ಹಾಕ್ರಿ ಸಾಹುಕಾರ್ರ."

"ಒಳಗ ಸೇರೈತ್ರಿ. ಅಳತೀನ ದೊಡ್ಡದು ಮಾಡಿಸೀನಿ."

ಗಿರಾಕಿ ಬಗ್ಗಿ ತನ್ನ ಪಾತ್ರೆಯೊಳಗೆ ನೋಡಿದ. "ಕಾಣವಲ್ದಲ್ರಿ. ಬರೇ ಎಣ್ಣಿ ಕಾಣತೈತಿ," ಎಂದು ಹೊರಟುಹೋದ.

ಈರಬಸಪ್ಪ ವಿಷಯವನ್ನು ವಿವರಿಸಿ ಫಲಕ ಬರೆಸಿದ. ಜನ ನಿಂತು ಓದಿದರು. ಅಕ್ಷರ ಚೆನ್ನಾಗಿವೆ ಎಂದರು. ಓದಿ ಮುಗಿಸಿ ಕೊಸರು ಕೇಳಿದರು. ಮೂರನೆಯ ತಿಂಗಳಲ್ಲಿ ಅವನು ಇನ್ನೂ ದೊಡ್ಡ ಪಾತ್ರೆ ಮಾಡಿಸಿದ. ಅದರಲ್ಲಿ ಮೂರು ಮಿಳ್ಳೆ ಕೊಸರು ಅಡಗಿತ್ತು. ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ಎದುರಿನ ವ್ಯಾಪಾರಿ ಸೇರನ್ನು ಎರಡು ಬೆರಳು ಕಡಿಮೆ ತುಂಬಿ, ಹಾಗೆ ಉಳಿಸಿದ್ದರಲ್ಲಿ ಅರ್ಧವನ್ನು ಕೊಸರಾಗಿ ಹಾಕುತ್ತಿದ್ದ. ಅವನು ದೊಡ್ಡ ಧಾರಾಳಿ ಎಂದು ಪೇಟೆಯಲ್ಲಿ ಮಾತಾಯಿತು.

ಹತ್ತು ತಿಂಗಳಾಗುವಾಗ ಆರು ಗಾಣಗಳಲ್ಲಿ ಮೂರು ನಿಂತಿದ್ದವು. ತಮ್ಮಂದಿರು ಬೇರೆಯಾಗುವ ಮಾತು ತೆಗೆದರು. ಅವ್ವ ನಲವತ್ತು ವರ್ಷ ಕಟ್ಟಿದ್ದನ್ನು ವರ್ಷ ತುಂಬುವ ಮೊದಲೇ ಕೆಡವಿದ ಮಗ ಎಂಬ ಹೆಸರು ತನಗೆ ಖಾತ್ರಿ ಎಂದು ಈರಬಸಪ್ಪನಿಗೆ ಅನ್ನಿಸಿತು. ವ್ಯಾಪಾರ ಹೋಗುವುದಕ್ಕಿಂತ ಅದೇ ಅವನನ್ನು ಸುಡುತ್ತಿತ್ತು.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಹೂ ಮಾರುವ ಮುದುಕಿಯೊಬ್ಬಳು ಬಂದಳು. ಮೊದಲಿನಿಂದಲೂ ಅಲ್ಲೇ ಎಣ್ಣೆ ಕೊಂಡವಳು. ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗಲು ಅವಳ ಮೊಣಕಾಲು ಒಪ್ಪಿರಲಿಲ್ಲ. ಈರಬಸಪ್ಪ ತಡೆಯಲಾರದೆ ಕೇಳಿಯೇಬಿಟ್ಟ.

"ಯಮ್ಮಾ, ಖರೇ ಹೇಳು. ನಮ್ಮವ್ವ ನಿನಗ ಎಷ್ಟು ಕೊಸರು ಹಾಕತಿದ್ಲು?"

"ಎಷ್ಟು ಅಂತ ಯಾರು ನೋಡ್ಯಾರೋ ಹುಚ್ಚಪ್ಪಾ! ಮಗಳು ಬಾಣಂತನಕ್ಕ ಬಂದಾಗ ಗಿಂಡಿ ತುಂಬ ಹಾಕಿದ್ಲು. ಗಾಣಕ್ಕ ಕುಸುಬಿ ಸಿಗಲಾರದ ವರ್ಷ ಬರೇ ಮಿಳ್ಳಿ ಬಗ್ಗಿಸಿದ್ಲು."

"ಬರೇ ಮಿಳ್ಳಿ?"

"ಬರೇ ಮಿಳ್ಳಿ. ಒಂದು ಹನಿ ಬೀಳಲಿಲ್ಲ. ನಾ ಆಕಿ ಮಾರಿ ನೋಡಿದೆ, ಆಕಿ ನನ್ನ ಮಾರಿ ನೋಡಿದ್ಲು. ಇಬ್ಬರೂ ನಕ್ಕಿವಿ. ಆ ವರ್ಷ ಪೂರಾ ಎಲ್ಲಾರಿಗೂ ಹಂಗ ನಡೀತು. ಮಗಳು ಹೆಂಗದಾಳ ಅಂತ ಕೇಳೋದು ಮಾತ್ರ ಬಿಡಲಿಲ್ಲ ನೋಡು ನಿಮ್ಮವ್ವ."

ಈರಬಸಪ್ಪ ಗೋಡೆಗೆ ಒರಗಿದ. ಹತ್ತು ತಿಂಗಳಿಂದ ಹೆಗಲ ಮೇಲೆ ಕೂತಿದ್ದದ್ದು ಕೆಳಗಿಳಿಯಿತು. ಅವ್ವನ ಕೈಯೂ ಒಂದು ವರ್ಷ ಬರಿದಾಗಿತ್ತು. ಅವಳಷ್ಟು ಕೊಡಲಾರೆನೆಂದು ಹೆದರಿ ಹೆದರಿ ಅವನು ಅವಳಿಗಿಂತ ಎಷ್ಟೋ ಹೆಚ್ಚು ಎಣ್ಣೆ ಸುರಿದಿದ್ದ. ತಾಯಿ ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅತ್ತ. ಮುದುಕಿ ಅದು ಮುಗಿಯುವವರೆಗೆ ಕಾದಳು. ಆಮೇಲೆ, "ಇನ್ನ ಕೊಸರು ಹಾಕು," ಎಂದಳು.

ಮರುದಿನ ಅವನು ಫಲಕ ಇಳಿಸಿದ. ಹಳೆಯ ಸೇರನ್ನು ತೊಳೆದು ಮುಂದಿಟ್ಟುಕೊಂಡ. ಮೊದಲು ಬಂದವನನ್ನು, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ ಎಂದು ಕೇಳಿದ. ಬೆಳಗಿನ ಮೊದಲ ಗಿರಾಕಿಗೆ ಕೇಳುವ ಪ್ರಶ್ನೆ ಅದಲ್ಲ. ಈರಬಸಪ್ಪನಿಗೆ ಅಭ್ಯಾಸವಿರಲಿಲ್ಲ. ಆದರೂ ಆ ಮನುಷ್ಯ ಪಾತ್ರೆ ಕೆಳಗಿಟ್ಟು ತನ್ನ ಅತ್ತೆಯ ಸೊಂಟನೋವಿನ ಕತೆ ತೆಗೆದ. ಈರಬಸಪ್ಪ ಒಂದು ಮಿಳ್ಳೆ ಹಾಕಿದ. ಕತೆ ಮುಗಿದಿರಲಿಲ್ಲ. ಇನ್ನೊಂದು ಹಾಕಿದ.

ಎರಡು ತಿಂಗಳೊಳಗೆ ಆರನೆಯ ಗಾಣವೂ ತಿರುಗಿತು. ತಮ್ಮಂದಿರು ಬೇರೆಯಾಗುವ ಮಾತು ಬಿಟ್ಟರು. ಅಡಿವೆವ್ವನ ವರ್ಷದ ತಿಥಿಗೆ ಇಡೀ ಪೇಟೆ ಬಂದು ಉಂಡಿತು. ಅಂಗಡಿ ಈಗಲೂ ನಡೆಯುತ್ತಿದೆ. ಸೋಮವಾರ ಬಸವಣ್ಣನ ವಾರವೆಂದು ಗಾಣಕ್ಕೆ ಎತ್ತು ಕಟ್ಟುವುದಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲೆ ಈರಬಸಪ್ಪ ಒಬ್ಬೊಬ್ಬರಿಗೆ ಎಷ್ಟು ಕೊಸರು ಹಾಕುತ್ತಿದ್ದ, ಗುರುಗಳೇ?"

"ಆಮೇಲೆ ಅದನ್ನು ಕೇಳಿದವನು ನೀನೊಬ್ಬನೇ," ಎಂದರು ಗುರುಗಳು.

ಶಿಷ್ಯ ಎದ್ದು ಕೊಪ್ಪರಿಗೆಯ ಬಳಿಗೆ ಹೋಗಿ, ಅಡುಗೆಯವರಿಗೆ ಊಟವಾಯಿತೇ ಎಂದು ಕೇಳಿದ.